ರೊಟ್ಟಿ, ಹಿಂಡಿ, ಬೇಳೆ ಮಾರುವ ವೆಬ್‌ಸೈಟಿಗೆ ಮಾತು ಎಲ್ಲಿಂದ ತರಬೇಕು?

ನಿಮ್ಮ ಪ್ರಶ್ನೆ ಓದಿದೆ. ಕಲಬುರಗಿಯಲ್ಲಿ ತಾಯಿಯವರು ಬಡಿದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ತೊಗರಿಬೇಳೆ ಮಾರುತ್ತೀರಿ. ವೆಬ್‌ಸೈಟ್ ಮಾಡಿಸಿ ನಾಲ್ಕು ತಿಂಗಳಾಯಿತು, ಜನ ಬಂದು ನೋಡಿ ಹೋಗುತ್ತಾರೆ, ಆರ್ಡರ್ ಮಾತ್ರ ಬರುತ್ತಿಲ್ಲ. ಮೇಲೆ ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂದು ಬರೆಸಿದ್ದೀರಿ, ಅದಕ್ಕಿಂತ ಗಟ್ಟಿಯಾದ ಪದ ಯಾವುದು ಎಂದು ಕೇಳಿದ್ದೀರಿ.

ಮೊದಲು ಆ ಸಾಲನ್ನೇ ತೆಗೆದುಬಿಡಿ. ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಗೂ, ಟೈಲ್ಸ್ ಅಂಗಡಿಗೂ, ಟ್ಯೂಷನ್ ಕ್ಲಾಸಿಗೂ ಅದು ಹೊಂದುತ್ತದೆ. ನಿಮ್ಮ ತಾಯಿಯವರ ರೊಟ್ಟಿಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ನಮ್ಮ ಮನೆಯಲ್ಲೂ ಇದೇ ಆಗಿತ್ತು. ನಮ್ಮ ವೈನಿ (ಅಣ್ಣನ ಹೆಂಡತಿ) ಖಡಕ್ ರೊಟ್ಟಿ ಮಾಡಿ ಬೆಂಗಳೂರು, ಪುಣೆ, ಹೈದರಾಬಾದ್‌ಗೆ ಕಳಿಸುತ್ತಾರೆ. ವೆಬ್‌ಸೈಟ್ ಮಾಡಿಕೊಟ್ಟವರು ‘ಉತ್ಕೃಷ್ಟ ಗುಣಮಟ್ಟದ ಸಾಂಪ್ರದಾಯಿಕ ಆಹಾರೋತ್ಪನ್ನಗಳು’ ಎಂದು ಬರೆದಿದ್ದರು. ಬಂದವರು ಅದನ್ನು ಓದಿ, ಕೊನೆಗೆ ಫೋನ್ ನಂಬರ್ ಹುಡುಕಿ ವೈನಿಗೇ ಫೋನ್ ಮಾಡುತ್ತಿದ್ದರು. ವೈನಿ ಕೈಯೆಲ್ಲ ಹಿಟ್ಟು, ಫೋನ್ ಸ್ಪೀಕರ್‌ನಲ್ಲಿ. ಒಂದು ವಾರ ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಕೇಳಿದ ಪ್ರಶ್ನೆ ಕೇಳಿದ ಹಾಗೇ, ವೈನಿ ಕೊಟ್ಟ ಉತ್ತರ ಕೊಟ್ಟ ಹಾಗೇ ಬರೆದುಕೊಂಡೆ.

“ಪಾರ್ಸಲ್‌ನಾಗ ಮುರೀತಾವೇನ್ರಿ?” ಇದನ್ನು ಹೆಚ್ಚುಕಡಿಮೆ ಎಲ್ಲರೂ ಕೇಳಿದರು. ವೈನಿಯ ಉತ್ತರ: “ಒಂದೆರಡು ಮುರೀತಾವ್ರಿ. ಎಷ್ಟು ಮುರಿದಾವ ಎಣಿಸಿ ಫೋಟೋ ಹಾಕ್ರಿ, ಮುಂದಿನ ಸಲ ಅಷ್ಟು ಹೆಚ್ಚಿಗಿ ಇಟ್ಟು ಕಳಸ್ತೀನಿ.” ಎಷ್ಟು ದಿನ ಇರುತ್ತವೆ, ಎಳ್ಳು ಹಚ್ಚಿದ್ದು ಸಿಗುತ್ತದೆಯೇ, ಒಂದು ಕಟ್ಟಿನಲ್ಲಿ ಎಷ್ಟಿರುತ್ತವೆ, ಹಿಂಡಿಗೆ ಬಳ್ಳೊಳ್ಳಿ ಹಾಕುತ್ತೀರಾ (ಹಾಕದೆ ಬೇಕು ಅನ್ನುವವರೂ ಬಹಳ), ಕೊರಿಯರ್ ಎಷ್ಟಾಗುತ್ತದೆ. ಗುಣಮಟ್ಟ ಹೇಗಿದೆ ಎಂದು ಆ ವಾರದಲ್ಲಿ ಒಬ್ಬರೂ ಕೇಳಲಿಲ್ಲ. ಮುರಿದರೆ ಏನು ಮಾಡುತ್ತೀರಿ ಅನ್ನುವುದೇ ಅವರ ಗುಣಮಟ್ಟದ ಪ್ರಶ್ನೆ.

ಹಳೆಯ ಸಾಲು ತೆಗೆದು ವೈನಿಯ ಆ ಮಾತನ್ನೇ ಸ್ವಲ್ಪ ತಿದ್ದಿ ಮೇಲೆ ಹಾಕಿದೆವು: ‘ದಾರಿಯಲ್ಲಿ ಮುರಿದ ರೊಟ್ಟಿ ಎಣಿಸಿ ಹೇಳಿ, ಮುಂದಿನ ಕಟ್ಟಿನಲ್ಲಿ ಅಷ್ಟು ಹೆಚ್ಚಿಗೆ ಬರುತ್ತವೆ.’ ಅದೇ ವಾರ ಫೋನ್ ಮಾಡದೆ ನೇರವಾಗಿ ಆರ್ಡರ್ ಹಾಕುವವರು ಶುರುವಾದರು. ಹೇಳಿದ ಮಾತು ನಡೆಸಲು ಆಗುತ್ತದೆ ಅನ್ನುವುದಾದರೆ ಮಾತ್ರ ನೀವೂ ಇಂಥದ್ದು ಬರೆಯಿರಿ.

ಈಗ ನಮ್ಮ ಭಾಗದವರಿಗೇ ಇರುವ ತೊಡಕಿನ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಬೇಕು, ಯಾಕೆಂದರೆ ಇದನ್ನು ವೆಬ್‌ಸೈಟ್ ಮಾಡುವ ಯಾರೂ ಹೇಳಿಕೊಡುವುದಿಲ್ಲ. ನಾವು ಹಿಂಡಿ ಎಂದರೆ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಪುಡಿ. ಮೈಸೂರು ಕಡೆ ಹಿಂಡಿ ಎಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದದ್ದು, ದನಕ್ಕೆ ಹಾಕುವಂಥದ್ದು. ಮಂಡ್ಯದಿಂದ ಒಬ್ಬರು ಫೋನ್ ಮಾಡಿ ಹಿಂಡಿ ಮೂಟೆಗೆ ಎಷ್ಟು ಎಂದು ಕೇಳಿದಾಗಲೇ ನಮಗೆ ಇದು ತಿಳಿದದ್ದು. ಹಾಗೆಯೇ ನಮ್ಮ ಗುರೆಳ್ಳು ಅಲ್ಲಿ ಹುಚ್ಚೆಳ್ಳು, ನಮ್ಮ ಶೇಂಗಾ ಅಲ್ಲಿ ಕಡಲೆಕಾಯಿ. ಜೋಳ ಎಂದರೆ ಅಲ್ಲಿ ಎಷ್ಟೋ ಜನರಿಗೆ ಮೊದಲು ನೆನಪಾಗುವುದು ಮುಸುಕಿನ ಜೋಳ.

ಹಾಗಾದರೆ ನಮ್ಮ ಪದ ಬಿಟ್ಟು ಅವರ ಪದ ಹಾಕಬೇಕೇ? ಖಂಡಿತ ಬೇಡ. ಬೆಂಗಳೂರಿನಲ್ಲಿ ಕೂತ ಕಲಬುರಗಿ, ಯಾದಗಿರಿ, ಬೀದರ್‌ನ ಹುಡುಗರು ‘ಹಿಂಡಿ’ ಎಂಬ ಪದ ಕಂಡೇ ನಿಲ್ಲುತ್ತಾರೆ. ‘ಚಟ್ನಿಪುಡಿ’ ಎಂದಷ್ಟೇ ಬರೆದರೆ ಅವರಿಗೆ ಅದು ಯಾವುದೋ ಊರಿನ ಅಂಗಡಿ. ನಮ್ಮ ಪದ ದೊಡ್ಡದಾಗಿ, ಕೆಳಗೆ ಒಂದು ಸಾಲು ವಿವರ: ‘ಗುರೆಳ್ಳು ಹಿಂಡಿ: ಹುಚ್ಚೆಳ್ಳು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿ. ರೊಟ್ಟಿ, ಮೊಸರಿನ ಜೊತೆ.’ ರೊಟ್ಟಿಗೆ ‘ಬಿಳಿಜೋಳದ ರೊಟ್ಟಿ’ ಎಂದು ಬರೆಯಿರಿ. ಹೈದರಾಬಾದ್ ಗಿರಾಕಿಗಳಿದ್ದರೆ ತೊಗರಿಬೇಳೆಯ ಕೆಳಗೆ ‘ಕಂದಿಪಪ್ಪು’ ಎಂದು ತೆಲುಗಿನಲ್ಲಿ, ಸೊಲ್ಲಾಪುರದವರಿಗೆ ‘ತೂರ್ ಡಾಳ್’ ಎಂದು ಮರಾಠಿಯಲ್ಲಿ ಒಂದೊಂದು ಪದ ಸಾಕು. ಊರಿನ ಹೆಸರು 2014ರ ನವೆಂಬರ್ 1ರಂದು ಕಲಬುರಗಿ ಎಂದು ಬದಲಾಯಿತು, ಆದರೂ ಹೊರಗಿನವರು ಇನ್ನೂ ಗುಲ್ಬರ್ಗಾ ಎಂದೇ ಹುಡುಕುತ್ತಾರೆ. ‘ಕಲಬುರಗಿ (ಗುಲ್ಬರ್ಗಾ)’ ಎಂದು ವಿಳಾಸದಲ್ಲಿ ಒಮ್ಮೆ ಇರಲಿ.

ಒಂದೇ ಪದವನ್ನು ಇಪ್ಪತ್ತು ಸಲ ತುರುಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ತುರುಕುವುದನ್ನು ಗೂಗಲ್ ಸ್ಪ್ಯಾಮ್ ಎಂದು ಎಣಿಸುತ್ತದೆ. ಓದುಗರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಪದಗಳನ್ನು ಬರೆದಿಡುವ ಕೀವರ್ಡ್ಸ್ ಟ್ಯಾಗ್ ತುಂಬಿಸಿಕೊಡುತ್ತೇನೆ ಎಂದು ದುಡ್ಡು ಕೇಳಿದರೂ ಕೊಡಬೇಡಿ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಪುಟದ ಶೀರ್ಷಿಕೆ ಮಾತ್ರ ನೋಡಿ. ಅದು ‘ಹೋಮ್’ ಎಂದಿದ್ದರೆ ಇವತ್ತೇ ‘ಕಲಬುರಗಿ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ’ ಎಂದು ಬದಲಾಯಿಸಿ. ಇನ್ನೊಂದು ಮುಖ್ಯ ಸಂಗತಿ: ನಿಮ್ಮ ಕನ್ನಡ ಯೂನಿಕೋಡ್‌ನಲ್ಲಿದೆಯೇ, ಅಂದರೆ ಎಲ್ಲ ಫೋನ್, ಕಂಪ್ಯೂಟರ್‌ಗಳೂ ಕನ್ನಡವೆಂದೇ ಓದುವ ಅಕ್ಷರಗಳಲ್ಲಿದೆಯೇ? ನಮ್ಮ ಕಡೆ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನೋ, ಬ್ಯಾನರ್‌ನ ಚಿತ್ರವನ್ನೋ ಹಾಗೇ ಏರಿಸಿಬಿಡುತ್ತಾರೆ. ಪುಟದಲ್ಲಿ ‘ರೊಟ್ಟಿ’ ಎಂಬ ಪದವನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ, ಅಥವಾ ಕಾಪಿಯೇ ಆಗದಿದ್ದರೆ, ‘ರೊಟ್ಟಿ’ ಎಂದು ಹುಡುಕಿದವರಿಗೆ ನಿಮ್ಮ ಪುಟ ಸಿಗುವುದು ಕಷ್ಟ.

ತೊಗರಿಬೇಳೆಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ನೀವು ‘100% ಶುದ್ಧ, ನೈಸರ್ಗಿಕ, ಜಿಐ ಬೇಳೆ’ ಎಂದು ಬರೆದಿದ್ದೀರಿ. ಇದು ನನಗೆ ಚಿಂತೆಯ ಸಾಲು. ನಮ್ಮ ತೊಗರಿಗೆ 2019ರಲ್ಲಿ ಜಿಐ, ಅಂದರೆ ಇದು ಈ ಪ್ರದೇಶದ್ದೇ ಬೆಳೆ ಎಂಬ ಭೌಗೋಳಿಕ ಗುರುತು, ಸಿಕ್ಕಿದ್ದು ಹೌದು, ಆದರೆ 1999ರ ಕಾಯ್ದೆಯಂತೆ ಆ ಗುರುತು ಬಳಸುವವರು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡಿರಬೇಕು. ಶುದ್ಧ, ನೈಸರ್ಗಿಕ, ತಾಜಾ, ಸಾಂಪ್ರದಾಯಿಕ ಎಂಬ ಪದಗಳನ್ನು ಆಹಾರಕ್ಕೆ ಯಾವಾಗ ಬಳಸಬಹುದು ಎಂಬುದಕ್ಕೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ಜಾಹೀರಾತು ನಿಯಮಗಳಲ್ಲಿ ಷರತ್ತುಗಳಿವೆ. ರೊಟ್ಟಿ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬಂಥ ಮಾತು ಎಲ್ಲಿಯೂ ಬೇಡ. ಅದರ ಬದಲು ನಿಮ್ಮ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಕಣ್ಣಿಗೆ ಕಾಣುವ ಕಡೆ ಇರಲಿ. ಬೇಳೆಗೆ ನಿಮಗೆ ಗೊತ್ತಿರುವುದನ್ನು ಬರೆಯಿರಿ: ಯಾವ ತಾಲ್ಲೂಕಿನ ತೊಗರಿ, ಈ ವರ್ಷದ ರಾಶಿಯದೋ ಹೋದ ವರ್ಷದ್ದೋ, ಪಾಲಿಶ್ ಮಾಡಿದ್ದೋ ಇಲ್ಲವೋ, ಕುಕ್ಕರ್‌ನಲ್ಲಿ ಎಷ್ಟು ಸೀಟಿಗೆ ಬೇಯುತ್ತದೆ. ‘ಚಿತ್ತಾಪುರದ ತೊಗರಿ, ಈ ಸಲದ ರಾಶಿ, ಪಾಲಿಶ್ ಇಲ್ಲ, ಮೂರು ಸೀಟಿ’ ಎಂದು ಬರೆದರೆ ಸಾರು ಮಾಡುವವರಿಗೆ ‘ಶುದ್ಧ’ ಅನ್ನುವುದಕ್ಕಿಂತ ಹೆಚ್ಚು ತಿಳಿಯುತ್ತದೆ. ಅದೆಲ್ಲ ನಿಜವಾಗಿರಬೇಕು, ಅಷ್ಟೇ.

ಬೀದರ್‌ನಲ್ಲಿ ಪರಿಚಯದವರದ್ದು ಬಿದ್ರಿ ಸಾಮಾನಿನ ಪುಟ್ಟ ಅಂಗಡಿ. ಅವರ ಪುಟದಲ್ಲಿ ‘ಅದ್ಭುತ, ಅಪೂರ್ವ ಕಲಾಕೃತಿಗಳು’ ಎಂದಿತ್ತು. ಕೆಲಸ ಹೇಗೆ ಮಾಡುತ್ತೀರಿ ಅದನ್ನೇ ಬರೆಯಿರಿ ಎಂದೆ. ಸತು, ತಾಮ್ರ ಕೂಡಿಸಿ ಎರಕ ಹೊಯ್ಯುವುದು, ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುವುದು, ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಬಳಿದಾಗ ಲೋಹ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುವುದು. ಇದನ್ನು ಓದಿದವರು ಹೂದಾನಿಯ ಬೆಲೆ ಯಾಕಿಷ್ಟು ಎಂದು ಮತ್ತೆ ಕೇಳುವುದಿಲ್ಲ.

ಬೆಲೆಯ ವಿಷಯ ಬಂತು. ‘ಬೆಲೆಗಾಗಿ ಸಂಪರ್ಕಿಸಿ’ ಎಂಬುದನ್ನು ತೆಗೆಯಿರಿ. ಎಷ್ಟು ರೊಟ್ಟಿಗೆ ಎಷ್ಟು, ಬೆಂಗಳೂರಿಗೆ ಕೊರಿಯರ್ ಎಷ್ಟು, ವಾರದ ಯಾವ ದಿನ ಕಳಿಸುತ್ತೀರಿ, ಅಂಕಿಯಲ್ಲೇ ಬರೆಯಿರಿ. ‘ಸಲ್ಲಿಸಿ’ ಎಂಬ ಗುಂಡಿಯ ಮೇಲೆ ‘ವಾಟ್ಸಾಪ್‌ನಲ್ಲಿ ಆರ್ಡರ್ ಹೇಳಿ’ ಎಂದು ಹಾಕಿಸಿ. ಹೊಲಕ್ಕೆ ಹೋಗಿ ಎಲ್ಲರೂ ಕೂಡಿ ಉಣ್ಣುವ ಎಳ್ಳಮಾವಾಸ್ಯೆಗೆ ಹದಿನೈದು ದಿನ ಮೊದಲು ಸಜ್ಜೆ ರೊಟ್ಟಿಯನ್ನು ಮೇಲಕ್ಕೆ ತನ್ನಿ. ಆಗ ಹೊಲಕ್ಕೆ ಬರಲಾಗದ ಮಕ್ಕಳು ಊರು ನೆನೆಸಿಕೊಂಡು ಹುಡುಕುತ್ತಿರುತ್ತಾರೆ.

ಬರೆದ ಮೇಲೆ ತಾಯಿಯವರಿಗೆ ಜೋರಾಗಿ ಓದಿ ಹೇಳಿ. ನಮ್ಮ ವೈನಿ ‘ಉತ್ಪನ್ನ’ ಎಂಬಲ್ಲಿ ತಡೆದು, “ಅದೇನದು, ರೊಟ್ಟಿ ಅನ್ರಿ” ಎಂದರು. ಅವರು ತಡೆದ ಕಡೆಯೆಲ್ಲ ತಿದ್ದಿದೆ. ಈ ವಾರ ನಿಮ್ಮ ತಾಯಿಯವರಿಗೆ ಬರುವ ಮೊದಲ ಹತ್ತು ಫೋನ್‌ಗಳ ಪ್ರಶ್ನೆಗಳನ್ನು ಬರೆದಿಟ್ಟು ಇಲ್ಲೇ ಕೆಳಗೆ ಹಾಕಿ. ಪುಟದ ಮೇಲೆ ಯಾವುದು ಮೊದಲು ಬರಬೇಕು ಎಂದು ಕೂತು ಆರಿಸೋಣ.