ಮ್ಯಾನಿಫೋಲ್ಡ್ ಅಡಿಯ ನಟ್ಟಿಗೆ ಪಾನಾ ಹೋಗುತ್ತಿಲ್ಲ, ಏನು ತಗೊಳ್ಳಲಿ?

ಹಳೇ ಮಾರುತಿ 800, ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಪೈಪು) ಅಡಿಯ 12 ಎಂಎಂ ನಟ್ ಸಡಿಲವಾಗಿದೆ, ಗೋಟಿ (ಸಾಕೆಟ್) ಕೂರಲ್ಲ, ರಿಂಗ್ ಪಾನಾ (ಉಂಗುರ ಬಾಯಿಯ ಸ್ಪ್ಯಾನರ್) ತಿರುಗಲ್ಲ, ಮುಂಬೈಯಲ್ಲಿ ಇದಕ್ಕೆ ಬೇರೆ ಪಾನಾ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ.

ಸಲಕರಣೆ ಅಂಗಡಿಗಳಿರುವ ನಾಗದೇವಿ ಸ್ಟ್ರೀಟಿಗೆ ಹೋಗಿ. ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಪಶ್ಚಿಮದ ಕಡೆ ನಡೆದರೆ ಸಾಕು. ಭಾನುವಾರ ಮಾತ್ರ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ.

ನಾನು ಚೆಂಬೂರಿನಿಂದ ಎರಡು ಸಲ ಓಡಾಡಿದೆ. ಮೊದಲ ಸಲ ಯೂನಿವರ್ಸಲ್ ಜಾಯಿಂಟ್, ಅಂದರೆ ಗೋಟಿಯನ್ನು ಓರೆಯಾಗಿ ತಿರುಗಿಸುವ ಕೀಲು, ತಂದೆ. ಗೋಟಿ ಸೇರಿಸಿದರೆ ಅದು ಪೈಪಿಗೇ ತಾಗಿತು, ದುಡ್ಡು ದಂಡ. ಆಮೇಲೆ ಒಂದು ದಪ್ಪ ತಂತಿಯನ್ನು ನಟ್ಟಿನ ತನಕ ತೂರಿಸಿ, ದಾರಿ ಹೇಗಿದೆಯೋ ಹಾಗೇ ಬಗ್ಗಿಸಿಕೊಂಡೆ. ಅದನ್ನು ಕೌಂಟರ್ ಮೇಲೆ ಇಟ್ಟಾಗ ಅಂಗಡಿಯವರು ಮಾತೇ ಆಡಲಿಲ್ಲ. ಅರ್ಧಚಂದ್ರದ ಹಾಗೆ ಬಾಗಿದ 10-12ರ ರಿಂಗ್ ಪಾನಾ ತೆಗೆದು ತಂತಿಯ ಪಕ್ಕ ಇಟ್ಟರು. ಹಾಫ್ ಮೂನ್ ಅಂತ ಕೇಳಿ, ಸಿಗುತ್ತದೆ. ನೀವೂ ತಂತಿ ಒಯ್ಯಿರಿ.

ಪಾನಾ ಕೂತರೂ ತಿರುಗಿಸಲು ಜಾಗ ಇಲ್ಲ ಅಂದರೆ ಅದು ಬೇರೆ ತೊಂದರೆ. 12 ಮೂಲೆಯ ರಿಂಗ್ ಪಾನಾ ಒಮ್ಮೆಗೆ 30 ಡಿಗ್ರಿ ತಿರುಗಬೇಕು. ಒಂದೇ ದಿಕ್ಕಿಗೆ ಹಿಡಿದು ತಿರುಗುವ 72 ಹಲ್ಲಿನ ರ‍್ಯಾಚೆಟ್ ಪಾನಾಗೆ 5 ಡಿಗ್ರಿ ಸಾಕು. ಆದರೆ ಅದರ ತಲೆ ದಪ್ಪ, ಅಲ್ವಾ, ಅದನ್ನೂ ಅಳೆದುಕೊಳ್ಳಿ.

ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್ ಹಾಕಲೇಬೇಕು ಅನ್ನುವವರಿಗೆ ಕ್ರೋಫುಟ್ ಇದೆ. ಹಿಡಿಕೆ ಇಲ್ಲದ ಪಾನಾದ ಬಾಯಿ ಅದು, ರೆಂಚ್ ಸಿಕ್ಕಿಸಲು ಚೌಕದ ತೂತು. ರೆಂಚಿಗೆ ಅಡ್ಡಲಾಗಿ 90 ಡಿಗ್ರಿಗೆ ಕೂರಿಸಿದರೆ ಲೆಕ್ಕ ಬದಲಾಗಲ್ಲ. ನೇರ ಮುಂದಕ್ಕೆ ಚಾಚಿದರೆ ರೆಂಚ್ ಉದ್ದವಾದ ಹಾಗೆ, ನಟ್ ಜಾಸ್ತಿ ಬಿಗಿಯಾಗುತ್ತದೆ. ರೆಂಚ್ 300 ಎಂಎಂ, ಕ್ರೋಫುಟ್ 30 ಎಂಎಂ ಅಂದುಕೊಳ್ಳಿ. 22 ನ್ಯೂಟನ್ ಮೀಟರ್ ಬೇಕಾದರೆ 20ಕ್ಕೆ ಸೆಟ್ ಮಾಡಬೇಕು.

ಅಗ್ಗದ ಪಾನಾವನ್ನು ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸಿ ಕೊಡುವ ಗ್ಯಾರೇಜಿನವರೂ ಇದ್ದಾರೆ. ತುರ್ತಿಗೆ ಪರವಾಗಿಲ್ಲ. ಕಾಯಿಸಿದ ಉಕ್ಕಿನ ಹದ ಹೋಗಿರುತ್ತದೆ, ಜೋರು ಹಾಕಿದರೆ ಪಾನಾ ಅಲ್ಲೇ ಬಾಗುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಬಿಗಿ ಮಾಡಿ. ನಟ್ ಪೂರ್ತಿ ಬಿಚ್ಚಿ ಹಾಕುವುದಾದರೆ ಪಾನಾದ ಉಂಗುರದೊಳಗೆ ಸ್ವಲ್ಪ ಗ್ರೀಸ್ ಮೆತ್ತಿ, ನಟ್ ಅಂಟಿಕೊಂಡು ಒಳಗೆ ಹೋಗುತ್ತದೆ. ನನಗೆ ಇದು ಗೊತ್ತಾಗಿದ್ದು ವಾಷರ್ ಕೆಳಗೆ ಬಿದ್ದ ಮೇಲೆ. ಅದು ಇನ್ನೂ ಸಿಕ್ಕಿಲ್ಲ.