ಜಂಟಿ ಪಾಲನೆಯಿದ್ದರೆ ಜೀವನಾಂಶ ತಗ್ಗುವುದೇ?

ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಮತ್ತು ಬೇಸಿಗೆ ರಜೆಯಲ್ಲಿ ಆರು ವಾರ ಮಗ ನಿಮ್ಮೊಂದಿಗಿರುವುದರಿಂದ ಅವನಿಗಾಗಿ ನೀವು ಕಟ್ಟುವ ಜೀವನಾಂಶ ತಗ್ಗಬೇಕಲ್ಲವೇ ಎಂದು ಕೇಳಿದ್ದೀರಿ. ಅಮೆರಿಕದ ವರ್ಜೀನಿಯಾ ರಾಜ್ಯದ ಕಾನೂನು, ನ್ಯಾಯಾಲಯದ ಆದೇಶದಲ್ಲಿರುವ ‘ಜಂಟಿ’ ಎಂಬ ಹೆಸರನ್ನಲ್ಲ, ಮಗು ವರ್ಷಕ್ಕೆ 90ಕ್ಕಿಂತ ಹೆಚ್ಚು ದಿನ ನಿಮ್ಮ ಬಳಿ ಇರುವುದೇ ಎಂಬುದನ್ನು ನೋಡುತ್ತದೆ. ದಿನವೆಂದರೆ 24 ಗಂಟೆ, ಅದಕ್ಕಿಂತ ಕಡಿಮೆ ಅವಧಿಯ ರಾತ್ರಿವಾಸಕ್ಕೆ ಅರ್ಧ ದಿನ. ರಜೆಯ 42 ದಿನಕ್ಕೆ ಉಳಿದ 23 ವಾರಾಂತ್ಯಗಳ 46 ದಿನ ಸೇರಿಸಿದರೆ 88 ಆಗುತ್ತದೆ, ಸಾಲದು. ಭಾನುವಾರ ರಾತ್ರಿಯೂ ಉಳಿಸಿಕೊಂಡು ಸೋಮವಾರ ಬೆಳಿಗ್ಗೆ ನೀವೇ ಶಾಲೆಗೆ ಬಿಡುವಂತಾದರೆ ಹನ್ನೊಂದೂವರೆ ದಿನ ಕೂಡಿ ಆ ಗಡಿ ದಾಟುತ್ತದೆ. ಆಗ ಇಬ್ಬರ ಒಟ್ಟು ಆದಾಯಕ್ಕೆ ಕಾನೂನಿನ ಜೀವನಾಂಶ ಪಟ್ಟಿಯಲ್ಲಿರುವ ಮೊತ್ತವನ್ನು 1.4ರಿಂದ ಗುಣಿಸಿ (ಎರಡು ಮನೆಗಳ ಖರ್ಚು ಹೆಚ್ಚಲ್ಲವೇ), ಆದಾಯ ಮತ್ತು ದಿನಗಳ ಅನುಪಾತದಲ್ಲಿ ಇಬ್ಬರ ಪಾಲನ್ನೂ ತೆಗೆದು, ವ್ಯತ್ಯಾಸವನ್ನಷ್ಟೇ ಒಬ್ಬರಿಂದ ಇನ್ನೊಬ್ಬರಿಗೆ ಕೊಡಿಸಲಾಗುತ್ತದೆ. ಹೊಸ ಆದೇಶ ಬರುವವರೆಗೆ ಹಳೆಯ ಮೊತ್ತವನ್ನೇ ಕಟ್ಟುತ್ತಿರಿ.