ಡೈರಿಯಲ್ಲಿ ಎರಡು ಸಲ ಬಂದ 'ಅಟೆನ್ಷನ್'

(ಗುರುತು ಸಿಗದಂತೆ ಉದ್ಯೋಗ, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಕರೆತಂದ ಹುಡುಗನಿಗೆ 7 ವರ್ಷ, 2ನೇ ತರಗತಿ. ಅಪ್ಪನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಅಮ್ಮನ ತೊಡೆಯ ಮೇಲೆ 8 ತಿಂಗಳ ಮಗಳು. ಕೂತ ಕೂಡಲೇ ಅಪ್ಪ ಶಾಲೆಯ ಡೈರಿ ತೆಗೆದು ಮೇಜಿನ ಮೇಲಿಟ್ಟರು. ಒಂದೇ ವಾರದಲ್ಲಿ ಎರಡು ದೂರು. ಸೋಮವಾರ, 'ಕ್ಲಾಸಿನಲ್ಲಿ ಅಟೆನ್ಷನ್ ಇಲ್ಲ.' ಗುರುವಾರ, 'ಅಟೆನ್ಷನ್‌ಗೋಸ್ಕರ ಏನೇನೋ ಮಾಡುತ್ತಾನೆ.'

"ನೆಟ್‌ನಲ್ಲಿ ನೋಡಿದೆ ಮೇಡಂ. ಎಡಿಎಚ್‌ಡಿ ಅಂತಾರಂತೆ. ಮಾತ್ರೆ ಇದ್ರೆ ಬರ್ಕೊಟ್ಬಿಡಿ."

ಎಡಿಎಚ್‌ಡಿ ಅಂದರೆ ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ. ಮಾತ್ರೆ ಬರೆಯೋದು ವೈದ್ಯರ ಕೆಲಸ, ನನ್ನದಲ್ಲ ಅಂದೆ. ಆಮೇಲೆ ಹುಡುಗನ ಕಡೆ ತಿರುಗಿ ಕೇಳಿದೆ, "ಅಟೆನ್ಷನ್ ಅಂದ್ರೆ ಏನು ಪುಟ್ಟಾ?"

ಅವನು ಕುರ್ಚಿಯಿಂದ ಇಳಿದ. ಹಿಮ್ಮಡಿ ಜೋಡಿಸಿ, ಎರಡೂ ಕೈ ಚಡ್ಡಿಗೆ ಅಂಟಿಸಿ, ನೆಟ್ಟಗೆ ನಿಂತ. "ಹಿಂಗೆ, ಮಿಸ್."

ಅಪ್ಪ ಅಮ್ಮ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಪಿ.ಟಿ. ಮೇಷ್ಟ್ರು ಹೇಳಿಕೊಟ್ಟ ಅರ್ಥ ಅವನಿಗೆ ಸರಿಯಾಗೇ ಗೊತ್ತಿತ್ತು. ಉಳಿದವರು ಅದೇ ಪದಕ್ಕೆ ಬೇರೆ ಬೇರೆ ಅರ್ಥ ಇಟ್ಟುಕೊಂಡು ಅವನನ್ನು ಬೈಯುತ್ತಿದ್ದರು, ಅಷ್ಟೇ.

ಸೋಮವಾರದ ಅಟೆನ್ಷನ್ ಅವನು ಕೊಡಬೇಕಾದದ್ದು. ಗುರುವಾರದ್ದು ಅವನಿಗೆ ಬೇಕಾದದ್ದು. ಟೀಚರ್ ಕನ್ನಡದಲ್ಲಿ ಬರೆದಿದ್ದರೆ 'ಪಾಠದ ಕಡೆ ಗಮನ ಇಲ್ಲ' ಅಂತ ಒಂದು, 'ಎಲ್ಲರೂ ತನ್ನನ್ನೇ ನೋಡಲಿ ಅಂತ ಆಡುತ್ತಾನೆ' ಅಂತ ಇನ್ನೊಂದು ಆಗುತ್ತಿತ್ತು. ಹಾಗಂತ ನಮ್ಮ 'ಗಮನ'ವೂ ಕಮ್ಮಿಯೇನಲ್ಲ. ಅಮ್ಮನ ಬಾಯಲ್ಲಿ 'ಗಮನ ಇಲ್ಲ' ಅಂದರೆ ಕರೆದರೆ ಓಗೊಡಲ್ಲ ಅಂತ. ಅಪ್ಪನಿಗೆ ಅದು ಮಾರ್ಕ್ಸ್. ಮನೆಯಲ್ಲಿರುವ ಅಜ್ಜಿಯದು ಇನ್ನೂ ಖಾರ, "ಮೈಮೇಲೆ ಜ್ಞಾನ ಇಲ್ಲ ಇದಕ್ಕೆ."

ಎಡಿಎಚ್‌ಡಿ ಅಂತ ಸುಮ್ನೆ ಹೆಸರಿಡಲು ಬರುವುದಿಲ್ಲ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಗಮನದ ತೊಂದರೆಗೆ 9 ಲಕ್ಷಣಗಳಿವೆ. ಮಕ್ಕಳಲ್ಲಿ ಅವುಗಳಲ್ಲಿ 6 ಆದರೂ 6 ತಿಂಗಳು ಕಾಣಬೇಕು. ಶುರುವಾಗಿದ್ದು 12 ವರ್ಷಕ್ಕೆ ಮೊದಲೇ ಆಗಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಇರಬೇಕು. ಬೇರೆ ಕಾರಣ ಇಲ್ಲ ಅಂತಲೂ ಆಗಬೇಕು. "ಕ್ರಿಕೆಟ್ ಹಾಕಿದ್ರೆ ಒಂದು ಗಂಟೆ ಅಲ್ಲಾಡಲ್ಲ. ಅಂದ್ಮೇಲೆ ಇದೆಲ್ಲ ನಾಟಕ ಅಲ್ವಾ?" ಅಂದರು ಅಪ್ಪ. ಅದೂ ಲೆಕ್ಕಕ್ಕೆ ಬರಲ್ಲ. ಎಡಿಎಚ್‌ಡಿ ಇರುವ ಮಕ್ಕಳೂ ಟಿವಿ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ.

ಅವರಿಗೆ ಒಂದು 40 ಪುಟದ ನೋಟ್‌ಬುಕ್ ಕೊಟ್ಟೆ. ಒಂದು ವಾರ ಬರೆಯಬೇಕು. ಯಾವಾಗ, ಎಲ್ಲಿ, ಯಾರು ಕರೆದರು, ಹುಡುಗ ಏನು ಮಾಡುತ್ತಿದ್ದ. ಷರತ್ತು ಒಂದೇ: ಗಮನ, ಅಟೆನ್ಷನ್ ಎರಡೂ ಪದ ಅದರಲ್ಲಿ ಇರಬಾರದು.

ಅಪ್ಪ ಎರಡು ದಿನ ಬರೆದು ನಿಲ್ಲಿಸಿದ್ದರು. ಅಮ್ಮ ಪೂರ್ತಿ ಬರೆದಿದ್ದರು. 'ಅಡುಗೆಮನೆಯಿಂದ ಮೂರು ಸಲ ಕರೆದೆ, ಮಿಕ್ಸಿ ಓಡ್ತಿತ್ತು, ಬರಲಿಲ್ಲ.' 'ಹತ್ತಿರ ಹೋಗಿ ಭುಜ ಮುಟ್ಟಿದೆ, ತಕ್ಷಣ ಎದ್ದ.' 'ಟಿವಿ ಸೌಂಡ್ ಜಾಸ್ತಿ ಇಟ್ಟಿದ್ದ, ಬೈದೆ.' 'ನೆಗಡಿ ಇತ್ತು, ಏನು ಕೇಳಿದರೂ ಆಂ ಆಂ ಅಂತಿದ್ದ.' ಶಾಲೆಗೆ ಫೋನ್ ಮಾಡಿದರೆ ಕೊನೇ ಬೆಂಚು, ನೆತ್ತಿಯ ಮೇಲೆ ಗಡಗಡ ಅನ್ನುವ ಫ್ಯಾನು.

ಮಳೆಗಾಲ ಶುರುವಾದಾಗಿನಿಂದ ಅವನಿಗೆ ಬಿಟ್ಟೂ ಬಿಟ್ಟೂ ನೆಗಡಿ. ಇಎನ್‌ಟಿ ವೈದ್ಯರ ಹತ್ತಿರ ಕಳಿಸಿದೆ. ಎರಡೂ ಕಿವಿಯ ಪರದೆಯ ಹಿಂದೆ ನೀರು ನಿಂತಿತ್ತು. ಚಿಕ್ಕ ಮಕ್ಕಳಲ್ಲಿ ಇದು ಸಾಮಾನ್ಯ. ನೋವಿರುವುದೇ ಕಮ್ಮಿ, ಹಾಗಾಗಿ ಮಗು ಹೇಳುವುದಿಲ್ಲ. ಮಾತು ಮಸುಕಾಗಿ ಕೇಳುತ್ತದೆ, ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಅದಕ್ಕೇ ನೋಡುವವರಿಗೆ 'ಬೇಕು ಅಂದಾಗ ಕೇಳುತ್ತೆ ಇವನಿಗೆ' ಅನ್ನಿಸುವುದು. ಎಷ್ಟೋ ಸಲ ತಾನಾಗೇ ಹೋಗುತ್ತದೆ. ಹೀಗಾಗಿ ಮೂರು ತಿಂಗಳು ಕಾದು ಮತ್ತೆ ಪರೀಕ್ಷೆ ಮಾಡೋಣ ಅಂದರು ವೈದ್ಯರು.

ನಾನು ಹೇಳಿದ್ದು ಇಷ್ಟು. ಕರೆಯುವ ಮುಂಚೆ ಹತ್ತಿರ ಹೋಗಿ, ಮುಖ ಕಾಣುವಂತೆ ನಿಂತು ಹೆಸರು ಹೇಳಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಶಾಲೆಗೂ ಒಂದು ಚೀಟಿ ಬರೆದುಕೊಟ್ಟೆ: ಮುಂದಿನ ಬೆಂಚು, ಫ್ಯಾನಿನಿಂದ ದೂರ. ಕಿವಿ ಸರಿಯಾದ ಮೇಲೂ ಪಾಠ ತಪ್ಪುತ್ತಿದ್ದರೆ ಆಗ ಮಕ್ಕಳ ಮನೋವೈದ್ಯರಿಗೆ ತೋರಿಸೋಣ. ಅಲ್ಲಿಯವರೆಗೆ ಎಡಿಎಚ್‌ಡಿ ಅನ್ನುವ ಮಾತು ಮನೆಯಲ್ಲಿ ಬೇಡ.

ಇದು ಸೋಮವಾರದ ಸಾಲಿಗಾಯಿತು. ಗುರುವಾರದ್ದು ಕಿವಿಯಲ್ಲಿ ಇರಲಿಲ್ಲ. ಅದೇ ನೋಟ್‌ಬುಕ್ಕಿನಲ್ಲಿ ಇತ್ತು. ನೀರು ಚೆಲ್ಲಿದ್ದು, ತಂಗಿಯ ಗಿಲಕಿ ಬಚ್ಚಿಟ್ಟಿದ್ದು, ಎಲ್ಲವೂ ಮಗುವಿಗೆ ಹಾಲು ಕೊಡುವ ಹೊತ್ತಿಗೆ. ಆಗ ಅಮ್ಮ ಬೈಯುತ್ತಾರೆ. ಬೈಯಬೇಕಾದರೂ ಅವನ ಕಡೆ ನೋಡಲೇಬೇಕಲ್ವಾ? ಹಸಿವಾಯ್ತು ಅಂತ ಮಗು ಅತ್ತರೆ ಅದನ್ನು ಚಟ ಅನ್ನಲ್ಲ ನಾವು. ನೋಡಿ ಅಂತ ಕೇಳಿದರೆ ಮಾತ್ರ ಚಟ ಅಂತೀವಿ. ಈ ಮಾತು ಸ್ವಲ್ಪ ಗಟ್ಟಿಯಾಗೇ ಹೇಳಿದೆ.

ಮನೆಗೆ ಕೊಟ್ಟ ಕೆಲಸ, ದಿನಕ್ಕೆ 15 ನಿಮಿಷ. ಆಟ ಅವನದು, ನಿಯಮ ಅವನದು. ಪಾಠ ಇಲ್ಲ, ಬುದ್ಧಿಮಾತು ಇಲ್ಲ, ಫೋನು ಬೇರೆ ಕೋಣೆಯಲ್ಲಿ. ತಂಗಿಗೆ ಹಾಲು ಕೊಡುವಾಗ ಅವನೂ ಪಕ್ಕದಲ್ಲಿ ಕೂರಲಿ, ಕತೆ ಹೇಳಿ.

"15 ನಿಮಿಷ ತಾನೆ" ಅಂದಿದ್ದರು ಅಪ್ಪ. ಮೂರನೇ ಭೇಟಿಗೆ ಬಂದಾಗ ಬೆವರು ಒರೆಸಿಕೊಂಡು, "ಆರು ನಿಮಿಷಕ್ಕೇ ಕೈ ಜೇಬಿಗೆ ಹೋಗುತ್ತೆ ಮೇಡಂ" ಅಂದರು. ಅವರ ಈ ಮಾತು ಬರೆದುಕೊಳ್ಳುತ್ತಿದ್ದೆ. ಹುಡುಗ ಮೇಜಿನ ಆ ಕಡೆಯಿಂದ ಬಗ್ಗಿ ನನ್ನ ಪೆನ್ನಿನ ಮೇಲೆ ಕೈ ಇಟ್ಟ.

"ಮಿಸ್, ನನ್ ಲಾರಿ ನೋಡಿ."

ಕಿವಿಯ ಮರುಪರೀಕ್ಷೆ ಮುಂದಿನ ತಿಂಗಳು. ಅಪ್ಪ ಈಗ 10 ನಿಮಿಷ ಕೂರುತ್ತಾರಂತೆ.